ಮೈದಾನಕ್ಕೆ ಬೆನ್ನು ಹಾಕಿದ ದಾಂಚೊ

ನಮ್ಮ ಕುರೆ ಪೆಲಿಕನ್ಸ್ ಬೇಸ್‌ಬಾಲ್ ತಂಡವನ್ನು ಯಾರಾದರೂ ಹೊಗಳಿದರೆ ನನಗೆ ಅನುಮಾನ ಬರುತ್ತದೆ. ಹೊಗಳಿದವರು ನಮ್ಮ ಊರಿನವರಲ್ಲ ಎಂದು. ಊರಿನವರು ಬೈಯುತ್ತಾರೆ. ಬೆಳಗ್ಗೆ ಮೀನು ಮಾರುಕಟ್ಟೆಯಲ್ಲಿ ಪೆಟ್ಟಿಗೆ ಇಳಿಸುತ್ತಾ ಬೈಯುತ್ತಾರೆ, ಮಧ್ಯಾಹ್ನ ಅನ್ನ ಉಣ್ಣುತ್ತಾ ಬೈಯುತ್ತಾರೆ, ಸಂಜೆ ಟಿಕೆಟ್ ತೆಗೆದುಕೊಂಡು ಹೋಗಿ ಗಂಟಲು ಹರಿಯುವ ಹಾಗೆ ಅದೇ ದರಿದ್ರಗಳಿಗೆ ಜೈ ಅನ್ನುತ್ತಾರೆ. ನಮ್ಮದು ಹಡಗು ಕಟ್ಟುವ ಊರು. ದಪ್ಪ ಕಬ್ಬಿಣವನ್ನು ಬೇಕಾದ ಹಾಗೆ ಬಗ್ಗಿಸಿದ ಜನ ನಾವು, ಈ ಒಂಬತ್ತು ಗಂಡಸರನ್ನು ನೆಟ್ಟಗೆ ಮಾಡಲಾರದೆ ಕೈಚೆಲ್ಲಿದ್ದೇವೆ.

ಹೋದ ವರ್ಷದ ಕೊನೆಯ ಪಂದ್ಯ ಒಂದು ಶನಿವಾರ ಇತ್ತು. ಬೆಳಗಿನಿಂದ ಮಳೆ ಹಿಡಿದು ಅದನ್ನು ಭಾನುವಾರಕ್ಕೆ ಮುಂದೂಡಿದರು. ಹೋಗಲು ಬೇರೆ ಜಾಗವಿಲ್ಲದ ನಾವು ನಾಲ್ಕು ಜನ ಒದ್ದೆ ಕೊಡೆಗಳನ್ನು ಬಾಗಿಲಲ್ಲಿ ಒಗೆದು ಚಿಯೊ ಅಜ್ಜಿಯ ಒಕೊನೊಮಿಯಾಕಿ ಅಂಗಡಿಗೆ ನುಗ್ಗಿ, ಕಾವಲಿಯ ಮುಂದೆ ಸಾಲಾಗಿ ಕುಳಿತೆವು. ಅಜ್ಜಿ ತೆಳ್ಳಗೆ ಹಿಟ್ಟು ಹೊಯ್ದು, ಅದರ ಮೇಲೆ ಗುಡ್ಡೆ ಗುಡ್ಡೆ ಎಲೆಕೋಸು ಸುರಿದು, ನಮ್ಮ ಮುಖ ನೋಡಿ, "ಸೋತು ಬಂದ್ರಾ, ಮಳೇಲಿ ಬಂದ್ರಾ? ಎರಡಕ್ಕೂ ಒಂದೇ ಮುಖ ನಿಮ್ದು," ಅಂದಳು.

ನಾಲ್ಕು ಜನ ಎಂದರೆ, ಒಬ್ಬಳು ನಾನು, ತೊಮೊಯೆ. ಮಾರುಕಟ್ಟೆಯಲ್ಲಿ ಒಣಮೀನು ಮಾರುತ್ತೇನೆ, ನಮ್ಮ ಜೈಕಾರದ ತಂಡದಲ್ಲಿ ದೊಡ್ಡ ಡೋಲು ಬಡಿಯುತ್ತೇನೆ. ಕಹಳೆ ಊದುವವನು ಕ್ಷೌರದಂಗಡಿಯ ದೋಯಿ. ಉಪನಾಯಕ ಕಾಜಿತಾನಿ, ಸಿಟಿ ಬಸ್ಸಿನ ಡ್ರೈವರು. ನಾಲ್ಕನೆಯವರು ನಮ್ಮ ದಾಂಚೊ, ಅಂದರೆ ಜೈಕಾರದ ತಂಡದ ಯಜಮಾನರು, ಮೊರಿವಾಕಿ ಇಸಾವೊ. ಈ ಕತೆ ಅವರದು.

ದಾಂಚೊ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಲೇ ತಲೆ ಬೆಳ್ಳಗಾದವರು. ಗಿಡ್ಡ ಆಳು, ಮೊಣಕಾಲು ಎರಡೂ ಕೆಟ್ಟಿವೆ, ದನಿ ಮಾತ್ರ ಬಂದರಿನ ಆಚೆ ದಡಕ್ಕೂ ಕೇಳುತ್ತದೆ. ಮನೆಯಲ್ಲಿ ಬಾಯಿ ಬಿಡುವುದಿಲ್ಲವಂತೆ. "ಇವರ ಗಂಟಲು ಮಾರ್ಚ್‌ನಿಂದ ಅಕ್ಟೋಬರ್ ತನಕ ಪೆಲಿಕನ್ಸ್‌ಗೆ ಬಾಡಿಗೆ ಕೊಟ್ಟಿದೆ, ನನಗೆ ಚಳಿಗಾಲ ಮಾತ್ರ," ಎಂದು ಅವರ ಹೆಂಡತಿ ನನ್ನ ಅಂಗಡಿಯಲ್ಲಿ ಎಷ್ಟೋ ಸಲ ಹೇಳಿದ್ದುಂಟು. ಮೈದಾನದ ದೂರದ ಬದಿಯ ಸಾಲುಗಳಲ್ಲಿ ನಮ್ಮ ಜಾಗ. ಅಲ್ಲಿ ಕೆಳಗೆ, ಬೇಲಿಗೆ ತಾಗಿ, ಬೋರಲು ಹಾಕಿದ ಬಿಯರ್ ಕ್ರೇಟಿನ ಮೇಲೆ ಬಿಳಿ ಕೈಗವಸು ತೊಟ್ಟು, ಸೀಟಿ ಕಚ್ಚಿಕೊಂಡು ದಾಂಚೊ ನಿಲ್ಲುತ್ತಾರೆ. ನಮ್ಮವರು ಬ್ಯಾಟ್ ಹಿಡಿದ ಕೂಡಲೇ ಅವರ ಕೈ ಏಳುತ್ತದೆ. ಆ ಕೈ ಹೇಳಿದಂತೆ ಡೋಲು, ಕಹಳೆ, ಮೂರು ಸಾವಿರ ಜನದ ಹಾಡು. ಒಬ್ಬೊಬ್ಬ ಆಟಗಾರನಿಗೂ ಅವನದೇ ಹಾಡು ಇರುತ್ತದೆ. ಕುರಾಮಿತ್ಸುವಿನ ಹಾಡಿನ ಮಾತುಗಳನ್ನು ಕಟ್ಟಿದವರು ಸ್ವತಃ ದಾಂಚೊ.

ಕುರಾಮಿತ್ಸು ಎಂದರೆ ನಮ್ಮ ಪಾಲಿಗೆ ಇದ್ದ ಒಬ್ಬನೇ ಮನುಷ್ಯ. ಉಳಿದವರೆಲ್ಲ ಬರೀ ಅಂಗಿ. ಆ ಕೊನೆಯ ಪಂದ್ಯದೊಂದಿಗೆ ಅವನು ಆಟ ಬಿಡುವವನಿದ್ದ. ದಾಂಚೊ ಕೂಡ ಅದೇ ದಿನ ಸೀಟಿಯನ್ನು ಕಾಜಿತಾನಿಯ ಕೈಗೆ ಕೊಡುವವರಿದ್ದರು.

"ನಮ್ಮ ತಂಡ ಕಟ್ಟಿ ಹತ್ತು ವರ್ಷ ಆಯ್ತಲ್ರೋ," ದೋಯಿ ಬಿಯರ್ ಬಗ್ಗಿಸುತ್ತಾ ಶುರುಮಾಡಿದ. "ಒಬ್ಬೊಬ್ಬರು ಒಂದೊಂದು ಹೇಳಿ. ಸತ್ರೂ ಮರೆಯೋಕಾಗದ್ದು."

"ಮೊದಲನೇ ವರ್ಷ," ಅಂದ ಕಾಜಿತಾನಿ. "ಎಂಟು ರನ್ ಮುಂದಿದ್ವಿ. ಕೊನೇ ಇನಿಂಗ್ಸ್. ನಾನು ಬಸ್ಸಿನ ಪಾಳಿಗೆ ಹೊತ್ತಾಯ್ತು ಅಂತ ಎದ್ದು ಹೋದೆ. ಡಿಪೋ ಮುಟ್ಟೋವಷ್ಟರಲ್ಲಿ ಸೋತಿದ್ರು. ಅದು ಗೊತ್ತಿಲ್ದೆ, ಗೆದ್ದಿದ್ದೀವಿ ಅಂತ ಇಡೀ ಬಸ್ಸಿಗೆ ಮೈಕಲ್ಲಿ ಹೇಳಿಬಿಟ್ಟಿದ್ದೆ ಕಣ್ರೀ! ಒಬ್ಬ ಮುದುಕ ಇಳಿಯುವಾಗ ನನ್ನ ಮುಖಕ್ಕೆ ರೇಡಿಯೋ ಹಿಡಿದ."

"ಅದು ಬಿಡು. ಸಮುದ್ರದಿಂದ ಮಂಜು ಬಂದಿತ್ತಲ್ಲ ಆವತ್ತು? ಚೆಂಡು ಮೇಲೆ ಹೋಯ್ತು. ನಮ್ಮ ಆಟಗಾರರು ಮೂವರು 'ನಂದು, ನಂದು' ಅಂತ ಓಡಿದ್ರು. ಚೆಂಡು ಮೂವರ ಮಧ್ಯೆ ಬಿತ್ತು. ಮೂವರೂ ಒಬ್ಬರಿಗೊಬ್ಬರು ತಲೆ ಬಾಗಿಸಿ ಕ್ಷಮೆ ಕೇಳ್ತಾ ನಿಂತ್ರು. ಅಷ್ಟರಲ್ಲಿ ಎದುರಾಳಿಗಳು ಎರಡು ರನ್ ಓಡಿದ್ರು!" ದೋಯಿ ನಗುತ್ತಲೇ ಹಣೆ ಚಚ್ಚಿಕೊಂಡ.

"ಪೆಲಿಕನ್ ಅಂತ ಹೆಸರಿಟ್ಟಿದ್ದೇ ತಪ್ಪು," ಅಂದಳು ಚಿಯೊ ಅಜ್ಜಿ, ಸಟ್ಟುಗದಿಂದ ಕಾವಲಿ ಕೆರೆಯುತ್ತಾ. "ಕೊಕ್ಕು ಮಾರುದ್ದ, ಒಳಗೆ ಮೀನಿಲ್ಲ."

ನಾನು ಏಳನೇ ವರ್ಷದ್ದನ್ನು ಹೇಳಿದೆ. ಬೇರೆ ಯಾವುದನ್ನು ಹೇಳಲಿ? ಋತುವಿನ ಕೊನೆಯ ದಿನ, ಕೊನೆಯ ಚೆಂಡು, ಕುರಾಮಿತ್ಸುವಿನ ಹೋಮ್ ರನ್. ಆ ಚೆಂಡು ನಮ್ಮ ಸಾಲಿಗೇ ಬಂದು ಬಿತ್ತು. ಹತ್ತು ವರ್ಷದಲ್ಲಿ ಅದೊಂದೇ ಸಲ ನಾವು ಮೂರನೇ ಸ್ಥಾನ ಹತ್ತಿದ್ದು. ಮುಂದಿನ ಸುತ್ತಿನಲ್ಲಿ ಎರಡೇ ದಿನದಲ್ಲಿ ಸೋತು ಮನೆಗೆ ಬಂದರೆಂಬುದು ಬೇರೆ ಮಾತು. "ಅವನು ಬ್ಯಾಟ್ ಬೀಸಿದ್ದು ನನ್ನ ಕಣ್ಣಲ್ಲಿ ಇನ್ನೂ ಇದೆ," ಅಂದೆ. ದೋಯಿಯ ಕಣ್ಣಲ್ಲೂ ಇತ್ತಂತೆ, ಕಾಜಿತಾನಿಯ ಕಣ್ಣಲ್ಲೂ ಇತ್ತಂತೆ. ಚೆಂಡು ಎಷ್ಟು ಎತ್ತರಕ್ಕೆ ಹೋಯಿತು ಎಂಬುದರ ಮೇಲೆ ಮೂವರೂ ಜಗಳಕ್ಕೇ ಬಿದ್ದೆವು.

"ದಾಂಚೊ, ನೀವೇ ಹೇಳಿ. ದೀಪದ ಕಂಬಕ್ಕಿಂತ ಮೇಲೆ ಹೋಗಿತ್ತೋ ಇಲ್ವೋ?" ಕೇಳಿದ ಕಾಜಿತಾನಿ.

ದಾಂಚೊ ತಟ್ಟೆಯಿಂದ ತಲೆ ಎತ್ತಲಿಲ್ಲ. "ನನಗೇನು ಗೊತ್ತು," ಅಂದರು.

"ಅಯ್ಯೋ, ನೀವು ಅಲ್ಲೇ ಇದ್ರಲ್ಲ!"

"ಇದ್ದೆ. ಬೆನ್ನು ಹಾಕಿಕೊಂಡು ಇದ್ದೆ." ದಾಂಚೊ ಚಾಪ್‌ಸ್ಟಿಕ್ಕನ್ನು ತಟ್ಟೆಯ ಮೇಲೆ ಇಟ್ಟರು. "ಕ್ರೇಟಿನ ಮೇಲೆ ನಾನು ಯಾವ ಕಡೆ ಮುಖ ಮಾಡಿ ನಿಲ್ತೀನಿ? ನಿಮ್ಮ ಕಡೆ. ನಮ್ಮೋರು ಬ್ಯಾಟ್ ಹಿಡಿದಾಗೆಲ್ಲ ನಿಮ್ಮ ಕಡೆ! ಹತ್ತು ವರ್ಷದಲ್ಲಿ ನಮ್ಮೋರು ಹೊಡೆದಿದ್ದು ಒಂದೇ ಒಂದು ನೋಡಿಲ್ಲ ಕಣ್ರೋ ನಾನು. ಒಂದೂ! ಎದುರಾಳಿ ಬ್ಯಾಟ್ ಮಾಡುವಾಗ ನಮಗೆ ಹಾಡಿಲ್ಲ, ಆಗ ಕೂತ್ಕೊಂಡು ಮೈದಾನ ನೋಡ್ತೀನಿ. ಅಂದ್ರೆ ನಾನು ನೋಡಿದ್ದೇನು? ಅವರು ನಮ್ಮನ್ನ ಚಚ್ಚಿದ್ದು. ಅದನ್ನ ಮಾತ್ರ ಒಂದೂ ಬಿಟ್ಟಿಲ್ಲ!"

ಪ್ರತಿ ಸಲ ಜನ ಹೋ ಎಂದಾಗ ದಾಂಚೊ ಕ್ರೇಟಿನ ಮೇಲಿಂದ, "ಏನಾಯ್ತು, ತೊಮೊಯೆ?" ಅನ್ನುತ್ತಿದ್ದರು. ನಾನು ಡೋಲಿನ ಹಿಂದಿನಿಂದ, "ಎಡಗಡೆ ಹೋಯ್ತು ದಾಂಚೊ, ಎರಡು ಬೇಸ್!" ಎಂದು ಕಿರುಚುತ್ತಿದ್ದೆ. ಹತ್ತು ವರ್ಷ ಆ ಮನುಷ್ಯ ನನ್ನ ಬಾಯಲ್ಲಿ ಆಟ ನೋಡಿದ್ದಾರೆ. ಮದುವೆ ಮನೆಯಲ್ಲಿ ಊರಿಗೆಲ್ಲ ಬಡಿಸಿದ ಅಡುಗೆಯವನು ಖಾಲಿ ಪಾತ್ರೆ ಕೆರೆದ ಹಾಗೆ.

"ಟಿವಿಯಲ್ಲಿ ಆಮೇಲೆ ತೋರಿಸ್ತಾರಲ್ಲ?" ದೋಯಿ ಮೆಲ್ಲಗೆ ಅಂದ.

"ಟಿವಿ ತನಗೆ ಬೇಕಾದ್ದು ತೋರಿಸ್ತದೆ, ನನಗೆ ಬೇಕಾದ್ದಲ್ಲ. ಪಕ್ಕದ ಮನೆ ಹಬ್ಬದ ಫೋಟೋ ನೋಡಿದ್ರೆ ನಾನು ಉಂಡ ಹಾಗಾಯ್ತಾ?"

ಕಾಜಿತಾನಿ ಒಳ್ಳೆಯ ಹುಡುಗ, ಆದರೆ ಯಾವಾಗ ಸುಮ್ಮನಿರಬೇಕೆಂದು ಗೊತ್ತಿಲ್ಲ. "ಆದ್ರೆ ದಾಂಚೊ, ನೀವು ನಮ್ಮೆಲ್ಲರ ಮುಖ ನೋಡಿದ್ದೀರಲ್ಲ. ಆ ಸಂತೋಷ ನಮಗ್ಯಾರಿಗೂ ಕಾಣಲಿಲ್ಲ. ಅದೇ ದೊಡ್ಡದು," ಅಂದ.

"ನಿನ್ನ ಮುಖ ನೋಡೋಕೆ ನಾನು ಟಿಕೆಟ್ ತಗೋಬೇಕೇನೋ?" ದಾಂಚೊ ಗುಡುಗಿದರು. "ಒಂದನೇ ನಂಬರ್ ಬಸ್ ಹತ್ತಿದ್ರೆ ದಿನಾ ಕಾಣ್ತದೆ! ಈ ದೋಯಿ ಮುಖ ಕನ್ನಡೀಲಿ ಎರಡೆರಡು ಕಾಣ್ತದೆ. ಸಾಕಾಗಿದೆ ನನಗೆ ನಿಮ್ಮ ಮುಖ."

ಆಮೇಲೆ, ಯಾರ ಕಡೆಯೂ ನೋಡದೆ, "ಕುರಾಮಿತ್ಸು ಬೀಸೋದನ್ನ ಒಂದು ಸಲ ನೋಡಬೇಕಿತ್ತು," ಅಂದರು. "ಹಾಡು ಕಟ್ಟಿದ್ದು ನಾನು. 'ಬೀಸು, ಕಡಲ ಗಾಳಿ ಬೀಸಿದ ಹಾಗೆ' ಅಂತ ಬರೆದೆ. ಹೆಂಗೆ ಬೀಸ್ತಾನೆ ಅಂತ ನಾನು ಕಂಡಿಲ್ಲ. ನಾಳೆಗೆ ಅವನೂ ಮುಗೀತು." ಎದ್ದು, ಕೊಡೆ ಮರೆತು, ಮಳೆಯಲ್ಲೇ ಹೊರಟುಹೋದರು.

ಒಂದು ಸಲ ತಿರುಗಿದರೆ ಏನಂತೆ ಎಂದು ಹೊರಗಿನವರು ಕೇಳುತ್ತಾರೆ. ದಾಂಚೊ ತಿರುಗಿದರೆ ಹಾಡು ನಿಲ್ಲುತ್ತದೆ. ಕಹಳೆಯವರು ಆಟ ನೋಡುತ್ತಾ ಕೂರುತ್ತಾರೆ, ಜನ ಬಿಯರ್ ಕರೆಯುತ್ತಾರೆ. ಬ್ಯಾಟ್ ಹಿಡಿದವನಿಗೆ ತಾನು ಒಂಟಿ ಅನ್ನಿಸುತ್ತದೆ. ಹಳೆಯ ಕಾಲದ ದಾಂಚೊಗಳು ಕಲಿಸಿದ್ದು ಅದು, ಇವರು ಅದನ್ನು ದೇವರ ಮಾತಿನಂತೆ ಪಾಲಿಸಿದವರು. ಆದ್ದರಿಂದ ಅವರು ಹೋದ ಮೇಲೆ ನಾವು ಮೂವರು ತಲೆಗೆ ತಲೆ ಕೊಟ್ಟು ಒಂದು ಉಪಾಯ ಮಾಡಿದೆವು. ನಾಳೆ ಕುರಾಮಿತ್ಸು ಬ್ಯಾಟ್ ಹಿಡಿದು ಬಂದಾಗ ಕಾಜಿತಾನಿ ಪಕ್ಕದ ಕ್ರೇಟ್ ಹತ್ತಿ ಕೈ ಎತ್ತಬೇಕು. ದಾಂಚೊ ತಿರುಗಬೇಕು. ತಿರುಗದಿದ್ದರೆ ನಾನೇ ಹಿಡಿದು ತಿರುಗಿಸಬೇಕು. ಮೀನಿನ ಪೆಟ್ಟಿಗೆ ಎತ್ತುವ ತೋಳು ನನ್ನದು.

ಭಾನುವಾರ ಬಿಸಿಲು ಬಂತು. ಎದುರಾಳಿಗಳು ನಾಗೊಯಾದಿಂದ ಬಂದವರು, ಆ ಪಂದ್ಯ ಗೆದ್ದರೆ ಅವರಿಗೆ ಕಪ್. ನಮಗೆ ಗೆದ್ದರೂ ಕೊನೆಯ ಸ್ಥಾನ, ಸೋತರೂ ಕೊನೆಯ ಸ್ಥಾನ. ಆದರೂ ಸಾಲುಗಳು ತುಂಬಿದ್ದವು, ಎಲ್ಲರೂ ಕುರಾಮಿತ್ಸುಗಾಗಿ ಬಂದವರು. ವಯಸ್ಸಾದ ಆಟಗಾರ, ಬೆನ್ನುನೋವು. ಒಂದೇ ಒಂದು ಸಲ, ಯಾರದೋ ಬದಲಿಗೆ ಬ್ಯಾಟ್ ಹಿಡಿದು ಬರುತ್ತಾನೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಆಟ ಬಿಡುವವನಿಗೆ ಪಿಚರ್ ನೇರವಾದ, ಮರ್ಯಾದೆಯ ಚೆಂಡನ್ನೇ ಎಸೆಯುತ್ತಾನೆ. ಅದು ನಮ್ಮಲ್ಲಿ ರೂಢಿ.

ಬೆಳಗ್ಗೆ ನಮ್ಮ ಉಪಾಯ ಕೇಳಿ ದಾಂಚೊ, "ತಲೆ ಕೆಟ್ಟಿದೆಯಾ ನಿಮಗೆ?" ಅಂದರು. ಒಲ್ಲೆ ಎಂದು ಮಾತ್ರ ಅನ್ನಲಿಲ್ಲ. ಕೈಗವಸನ್ನು ಮೂರು ಸಲ ತೆಗೆದು ಹಾಕಿಕೊಂಡರು.

ಒಂದೊಂದೇ ಇನಿಂಗ್ಸ್ ಕಳೆಯಿತು, ಅವನು ಬರಲಿಲ್ಲ. ನಮ್ಮ ಕೋಚ್‌ಗೆ ನಾನು ಇಟ್ಟ ಶಾಪಗಳನ್ನು ಇಲ್ಲಿ ಬರೆಯುವಂತಿಲ್ಲ. ಕೊನೆಯ ಇನಿಂಗ್ಸಿನ ಹೊತ್ತಿಗೆ ಎರಡು ತಂಡದ ರನ್ನೂ ಸಮ. ನಮ್ಮವನೊಬ್ಬ ಹೇಗೋ ಬಿದ್ದೂ ಎದ್ದೂ ಎರಡನೇ ಬೇಸ್ ಮುಟ್ಟಿದ್ದ, ಅವನು ಓಡಿ ಬಂದರೆ ನಮಗೆ ಗೆಲುವು. ಆಗ ಧ್ವನಿವರ್ಧಕದಲ್ಲಿ ಹೆಸರು ಕೂಗಿದರು. ಕುರಾಮಿತ್ಸು!

ಅಬ್ಬಾ, ಆ ಸದ್ದು! ಕಾಜಿತಾನಿ ಪಕ್ಕದ ಕ್ರೇಟ್ ಹತ್ತಿ ಕೈ ಎತ್ತಿದ. ನಾನು ಡೋಲು ಬಡಿಯುತ್ತಲೇ, "ತಿರುಗಿ ದಾಂಚೊ!" ಎಂದು ಅರಚಿದೆ. ದಾಂಚೊ ಸೀಟಿಯನ್ನು ಬಾಯಿಂದ ಕೆಳಗೆ ಬಿಟ್ಟು, ಮೊದಲು ಭುಜ, ಆಮೇಲೆ ಕೆಟ್ಟ ಮೊಣಕಾಲು, ಹೀಗೆ ನಿಧಾನಕ್ಕೆ ಮೈದಾನದ ಕಡೆ ತಿರುಗಿದರು. ನಮ್ಮವರು ಬ್ಯಾಟ್ ಹಿಡಿದಾಗ ಅವರ ಬೆನ್ನು ನೋಡಿದ್ದು ಹತ್ತು ವರ್ಷದಲ್ಲಿ ಅದೇ ಮೊದಲು. ಬೇಲಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಆಗ ಎದುರಾಳಿಗಳ ಕೋಚ್ ಆಸನದಿಂದ ಎದ್ದು ಹೊರಗೆ ಬಂದು, ಅಂಪೈರ್ ಕಡೆ ನಾಲ್ಕು ಬೆರಳು ತೋರಿಸಿದ.

ಬೇಸ್‌ಬಾಲಿನಲ್ಲಿ ಒಂದು ಹೇಡಿ ನಿಯಮವಿದೆ. ಬ್ಯಾಟ್ ಹಿಡಿದವನಿಗೆ ಹೆದರಿದರೆ ಅವನನ್ನು ಆಡಿಸದೆಯೇ ಮೊದಲನೇ ಬೇಸ್‌ಗೆ ಕಳಿಸಿ, ಮುಂದಿನವನ ಜೊತೆ ಆಡಬಹುದು. ಹಿಂದೆ ಅದಕ್ಕಾದರೂ ನಾಲ್ಕು ಚೆಂಡನ್ನು ದೂರ ಎಸೆಯಬೇಕಿತ್ತು. ಈಗ ಅದೂ ಇಲ್ಲ, ಬೆರಳು ತೋರಿಸಿದರೆ ಮುಗಿಯಿತು. ಒಂದು ಚೆಂಡಿಲ್ಲ, ಒಂದು ಬೀಸಿಲ್ಲ, ಹೋಗಪ್ಪಾ ಎಂದು ಕಳಿಸಿಬಿಡುವುದು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇದು ತಟ್ಟೆಯನ್ನೇ ಕಿತ್ತುಕೊಂಡ ಹಾಗೆ. ಇಡೀ ಮೈದಾನ ಬುಸುಗುಟ್ಟಿತು. ನಾನು ಆ ಕೋಚ್ ಇದ್ದ ಕಡೆ ನೋಡುತ್ತಾ, "ನಿನ್ನ ಮನೆ ಹಾಳಾಗ! ಕಪ್‌ಗೋಸ್ಕರ ಮಾನ ಮಾರಿಕೊಂಡ್ಯೇನೋ!" ಎಂದು ಕೂಗಿ ಡೋಲಿನ ಕೋಲನ್ನೇ ಎಸೆಯಲು ಹೋದೆ, ದೋಯಿ ತಡೆದ. ಅವನೂ ಕಹಳೆಯನ್ನು ಆ ಕಡೆಗೇ ತಿರುಗಿಸಿ ಅಪಶ್ರುತಿ ಊದುತ್ತಿದ್ದ. ಕೂಗು ಸ್ವಲ್ಪ ತಗ್ಗುವಷ್ಟರಲ್ಲಿ ಕುರಾಮಿತ್ಸು ಮೊದಲನೇ ಬೇಸ್ ಮೇಲೆ ನಿಂತಿದ್ದ. ಅವನ ಬದಲಿಗೆ ಓಡಲು ಬೇರೆಯವನು ಬಂದ. ಮುಗಿಯಿತು. ಕುರಾಮಿತ್ಸುವಿನ ಆಟವೇ ಮುಗಿಯಿತು.

ಮುಂದೆ ಬಂದವನು ಅರಿಮೊತೊ ಎಂಬ ಹೊಸಬ. ಇನ್ನೂ ಹಾಡೂ ಇಲ್ಲದ ಪಾಪದವನು.

"ದಾಂಚೊ, ಇವನದ್ದಾದ್ರೂ ನೋಡಿ. ನಾನು ಕೈ ಎತ್ತಿರ್ತೀನಿ," ಅಂದ ಕಾಜಿತಾನಿ. ಅವನ ಕಣ್ಣು ಒದ್ದೆಯಾಗಿತ್ತು.

"ಇಳಿಯೋ ಕೆಳಗೆ!" ದಾಂಚೊ ಸರಕ್ಕನೆ ನಮ್ಮ ಕಡೆ ತಿರುಗಿದರು. ಮುಖ ಕೆಂಡವಾಗಿತ್ತು. "ಅಲ್ಲಿ ಆ ಹುಡುಗ ಒಬ್ಬನೇ ನಿಂತಿದ್ದಾನೆ. ಹಾಡಿಲ್ದೆ ಇದ್ರೆ ಹೆಸರು ಕೂಗಿ! ಎಲ್ಲಿ ಡೋಲು? ತೊಮೊಯೆ, ಅಳೋದು ಮನೇಲಿ!"

ಬಡಿದೆ. ಆ ಸಿಟ್ಟೆಲ್ಲ ಡೋಲಿನ ಮೇಲೆ ಬಡಿದೆ. ಬಿಳಿ ಕೈಗವಸು ಏಳುತ್ತಿತ್ತು, ಬೀಳುತ್ತಿತ್ತು, "ಅ-ರಿ-ಮೊ-ತೊ" ಎಂದು ಮೂರು ಸಾವಿರ ಗಂಟಲು ಕೂಗುತ್ತಿದ್ದವು. ನಾನು ಆ ಕೈಯನ್ನು ಬಿಟ್ಟು ಬೇರೆ ಏನನ್ನೂ ನೋಡುತ್ತಿರಲಿಲ್ಲ. ಟಕ್ ಎಂಬ ಸದ್ದು ಬಂತು. ಮೈದಾನ ಸಿಡಿದುಬಿತ್ತು. ಜನ ಒಬ್ಬರ ಮೇಲೊಬ್ಬರು ಬಿದ್ದರು, ಯಾರದೋ ಬಿಯರು ನನ್ನ ತಲೆಗೆ ಅಭಿಷೇಕವಾಯಿತು.

ದಾಂಚೊ ಕ್ರೇಟಿನ ಮೇಲಿಂದ ಎಂದಿನಂತೆ ಕೇಳಿದರು. "ಏನಾಯ್ತು, ತೊಮೊಯೆ?"

"ಗೆದ್ವಿ ದಾಂಚೊ!"

"ಅದು ಗೊತ್ತು, ಕಿವಿ ಇದೆ ನಂಗೆ. ಹೆಂಗೆ? ಎಲ್ಲಿಗೆ ಹೊಡೆದ?"

"ನೋಡಲಿಲ್ಲ," ಅಂದೆ. "ನಿಮ್ಮ ಕೈ ನೋಡ್ತಿದ್ದೆ."

"ನೋಡಲಿಲ್ವಾ? ಹತ್ತು ವರ್ಷದಲ್ಲಿ ನಿನಗೆ ಕೊಟ್ಟಿದ್ದು ಒಂದೇ ಒಂದು ಕೆಲಸ ಕಣೇ ಮಾರಾಯ್ತಿ!" ಎಂದವರೇ ಕ್ರೇಟಿನಿಂದ ಇಳಿದು, ಸೀಟಿಯ ದಾರವನ್ನು ಕುತ್ತಿಗೆಯಿಂದ ತೆಗೆದು, ಕಾಜಿತಾನಿಯ ಎದೆಗೆ ಒತ್ತಿ ನಡೆದರು. ಮಾಲೆ ಹಾಕಬೇಕೆಂದು ತಂದಿದ್ದೆವು, ಅದು ಚೀಲದಲ್ಲೇ ಉಳಿಯಿತು.

ಸಂಜೆ ಚಿಯೊ ಅಜ್ಜಿಯ ಅಂಗಡಿ ಕಿಕ್ಕಿರಿದಿತ್ತು. ದಾಂಚೊ ಮೂಲೆಯಲ್ಲಿ ಕಾವಲಿ ನೋಡುತ್ತಾ ಕುಳಿತಿದ್ದರು. ಎಲ್ಲರ ಬಾಯಲ್ಲೂ ಅರಿಮೊತೊ. ಚೆಂಡು ಬಲಗಡೆ ಹೋಯಿತು, ಇಲ್ಲ ನಡುವೆ ಹೋಯಿತು, ಬೇಲಿಗೆ ಬಡಿಯಿತು ಎಂದು ಜಗಳ. ಗೋಡೆಯ ಮೇಲಿನ ಟಿವಿಯಲ್ಲಿ ಪಂದ್ಯವನ್ನು ಮತ್ತೆ ತೋರಿಸಿದರು. ಕುರಾಮಿತ್ಸುವಿನ ಹೆಸರು ಕೂಗಿದ್ದು ಬಂತು. ಕೋಚ್ ಎದ್ದ, ನಾಲ್ಕು ಬೆರಳು ಪರದೆಯ ತುಂಬ ಕಂಡವು, ಆಮೇಲೆ ಬುಸುಗುಡುವ ಜನ, ಡೋಲಿನ ಕೋಲು ಎತ್ತಿದ ನಾನು. ಮತ್ತೆ ನೋಡಿದರೆ ಕುರಾಮಿತ್ಸು ಆಗಲೇ ಮೊದಲನೇ ಬೇಸ್‌ನಲ್ಲಿದ್ದ.

"ಥೂ, ಅವನನ್ನ ತೋರಿಸಲೇ ಇಲ್ಲ!" ಅಂದ ದೋಯಿ.

"ನಾನು ಹೇಳಿರಲಿಲ್ವಾ," ಮೂಲೆಯಿಂದ ದನಿ ಬಂತು. ಕೂಗಿ ಕೂಗಿ ಬಿರಿದ ದನಿ. "ಟಿವಿ ತನಗೆ ಬೇಕಾದ್ದು ತೋರಿಸ್ತದೆ ಅಂತ. ಅವನು ಬೀಸಿದ."

"ಬೀಸಿದ್ನಾ? ಚೆಂಡೇ ಎಸೆದಿಲ್ವಲ್ಲ ದಾಂಚೊ!" ಅಂದ ಕಾಜಿತಾನಿ.

"ಎಸೆದಿಲ್ಲ. ನೀವೆಲ್ಲ ಆ ಕೋಚ್ ಮುಖ ನೋಡಿ ಬೈತಾ ಇದ್ರಿ. ಅವನು ಮಾತ್ರ ಬ್ಯಾಟ್ ಹಿಡಿದು ಹಂಗೇ ನಿಂತಿದ್ದ. ಅಂಪೈರ್ ಹೋಗು ಅಂತ ಕೈ ತೋರಿಸಿದ, ಹೋಗಲಿಲ್ಲ. ಕಾಲು ಊರಿದ. ಆಮೇಲೆ ಒಂದು ಸಲ ಬೀಸಿದ. ಪೂರ್ತಿ. ಇಲ್ಲದ ಚೆಂಡಿಗೆ."

ನಾನು ದೋಯಿಯ ಕಡೆ ನೋಡಿದೆ, ದೋಯಿ ಕಾಜಿತಾನಿಯ ಕಡೆ ನೋಡಿದ. ನಮ್ಮಲ್ಲಿ ಯಾರೂ ಅದನ್ನು ಕಂಡಿರಲಿಲ್ಲ. ನನ್ನೆರಡು ಕಣ್ಣೂ ಅಲ್ಲೇ ಇದ್ದವು, ಹಾಳಾದ ಆ ನಾಲ್ಕು ಬೆರಳಿನ ಮೇಲೆ ನೆಟ್ಟಿದ್ದವು. ನನ್ನ ಮೇಲೇ ನನಗೆ ಮೈ ಉರಿಯಿತು.

ದಾಂಚೊ ಬಿಯರಿನ ಲೋಟ ಎತ್ತಿ ಕುಡಿದು, ಮತ್ತೆ ಕಾವಲಿ ನೋಡತೊಡಗಿದರು. ಮುಂದೆ ಹೇಳುವ ಲಕ್ಷಣ ಕಾಣಲಿಲ್ಲ.

ನಾನು ನನ್ನ ಸ್ಟೂಲನ್ನು ಎಳೆದುಕೊಂಡು ಅವರ ಪಕ್ಕ ಹೋಗಿ ಕುಳಿತೆ. "ಆಮೇಲೆ ಏನಾಯ್ತು, ದಾಂಚೊ?" ಎಂದು ಕೇಳಿದೆ.